ಕ್ಯಾಲೊರಿ ಲೆಕ್ಕದ ಊಟದ ಡಬ್ಬಿ: ಬಸ್ಸಾರು ಸೊಗಸು, ಚೀಟಿಯ ಲೆಕ್ಕ ಸಡಿಲ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಮಧ್ಯಾಹ್ನದ ಊಟವನ್ನು ಕ್ಯಾಲೊರಿ ನಮೂದಿಸಿ ತಲುಪಿಸುವ ಸಣ್ಣ ಅಡುಗೆಮನೆಯೊಂದರಿಂದ ಕೆಲಕಾಲದಿಂದ ಡಬ್ಬಿ ತರಿಸಿಕೊಳ್ಳುತ್ತಿದ್ದೇನೆ. ಸಪ್ಪೆ ಸೂಪು, ಹಸಿ ಎಲೆಗಳಿಗೆ ಶರಣಾಗದೆ ನಮ್ಮ ನಿತ್ಯದ ಅಡುಗೆಯನ್ನೇ ಅಳತೆಯಲ್ಲಿ ಕೊಡುವುದು ಇವರ ಹೆಚ್ಚುಗಾರಿಕೆ.

ಹೆಸರುಬೇಳೆ ಕೋಸಂಬರಿ ಅಚ್ಚುಕಟ್ಟಾಗಿರುತ್ತದೆ. ಉಪ್ಪು ಮತ್ತು ನಿಂಬೆರಸವನ್ನು ಪುಟ್ಟ ಬಟ್ಟಲಿನಲ್ಲಿ ಬೇರೆಯಾಗಿಯೇ ಕಳಿಸುವುದರಿಂದ ಸೌತೆಕಾಯಿ ನೀರು ಬಿಟ್ಟುಕೊಂಡಿರುವುದಿಲ್ಲ. ರಾಗಿಮುದ್ದೆ ಚಿಕ್ಕದೇ ಆದರೂ, ಬಸ್ಸಾರಿನೊಂದಿಗೆ ಬರುವ ಸೊಪ್ಪು ಮತ್ತು ಹುರುಳಿಕಾಳಿನ ಪಲ್ಯ ಧಾರಾಳವಾಗಿರುವುದರಿಂದ ಸಂಜೆಯವರೆಗೆ ಹಸಿವು ಕಾಡುವುದಿಲ್ಲ. ಮಜ್ಜಿಗೆ ಸಾಧಾರಣ.

ನನ್ನ ಮುಖ್ಯ ಆಕ್ಷೇಪ ಎಣ್ಣೆಯ ಬಗ್ಗೆ. ಪಿಷ್ಟ ಮತ್ತು ಪ್ರೋಟೀನ್ ಗ್ರಾಂಗೆ ಸುಮಾರು 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕೊಡುತ್ತದೆ. ಅಂದರೆ 5 ಗ್ರಾಂ ಎಣ್ಣೆ, ಸರಿಸುಮಾರು ಒಂದು ಟೀ ಚಮಚ, 45 ಕ್ಯಾಲೊರಿ. ಬೀನ್ಸ್ ಪಲ್ಯ ಖಾಲಿಯಾದ ಮೇಲೆ ಡಬ್ಬಿಯ ತಳದಲ್ಲಿ ಸಾಸಿವೆಕಾಳು ತೇಲುವಷ್ಟು ಎಣ್ಣೆ ಉಳಿದಿರುವಾಗ, ಮುಚ್ಚಳಕ್ಕೆ ಅಂಟಿಸಿದ ಚೀಟಿಯ 60 ಕ್ಯಾಲೊರಿಯನ್ನು ನಂಬುವುದು ಹೇಗೆ? ವಿಚಾರಿಸಿದರೆ, ಒಗ್ಗರಣೆಯನ್ನು ಅಂದಾಜಿನಲ್ಲಿ ಹಾಕುತ್ತೇವೆ ಎಂಬ ಉತ್ತರ ಬಂತು. (ಪ್ರಾಮಾಣಿಕ ಉತ್ತರವೇನೋ ಹೌದು.)

ನವಣೆ ಅನ್ನಕ್ಕೆ ಹೆಚ್ಚುವರಿ ಹಣ ಪಡೆದು, ಅದು ತೂಕ ಇಳಿಸುತ್ತದೆ ಎಂದು ಹೇಳುವುದೂ ಸರಿಯಲ್ಲ. ನವಣೆಯಲ್ಲಿ ನಾರು ಹೆಚ್ಚಿದೆ, ನಿಜ. ಆದರೆ ಬೇಯಿಸುವ ಮೊದಲಿನ ತೂಕಕ್ಕೆ ಹೋಲಿಸಿದರೆ ಅದರ ಕ್ಯಾಲೊರಿ ಅಕ್ಕಿಯದಕ್ಕೆ ಬಹಳ ಹತ್ತಿರ. ಬಸ್ಸಾರು ಇರುವ ದಿನ ಖಂಡಿತ ತರಿಸಿಕೊಳ್ಳಿ, ನವಣೆಗೆ ಹೆಚ್ಚು ದುಡ್ಡು ಕೊಡಬೇಡಿ.