ನ್ಯೂಯಾರ್ಕ್ ಹೋಟೆಲುಗಳ ‘ಎ’ ಫಲಕ ಮತ್ತು ಅದರ ಹಿಂದಿರುವ ದಾಖಲೆ

ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2010ರಿಂದ ಹೋಟೆಲುಗಳಿಗೆ ‘ಎ’, ‘ಬಿ’, ‘ಸಿ’ ಎಂಬ ದರ್ಜೆ ನೀಡುತ್ತಿದ್ದು, ಆ ಫಲಕವನ್ನು ಹೊರಗಿನಿಂದಲೇ ಕಾಣುವಂತೆ ತೂಗುಹಾಕುವುದು ಕಡ್ಡಾಯ. ಹೆಚ್ಚಿನವರು ಅದನ್ನಷ್ಟೇ ನೋಡಿ ಒಳಗೆ ಹೋಗುತ್ತಾರೆ. ಆದರೆ ಈ ಸೇವೆಯ ನಿಜವಾದ ಪ್ರಯೋಜನವಿರುವುದು, ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ತಪಾಸಣಾ ದಾಖಲೆಯಲ್ಲಿ.

ಇಲ್ಲಿ ಅಂಕ ಕೊಡುವುದು ತಪಾಸಣೆಯಲ್ಲಿ ಕಂಡ ಲೋಪಗಳಿಗೆ, ಆದ್ದರಿಂದ ಅಂಕ ಹೆಚ್ಚಿದಷ್ಟೂ ದರ್ಜೆ ಇಳಿಯುತ್ತದೆ: 13ರವರೆಗೆ ‘ಎ’, 14ರಿಂದ 27ರವರೆಗೆ ‘ಬಿ’, ಅದಕ್ಕೂ ಮೇಲೆ ‘ಸಿ’. ಆಹಾರವನ್ನು ತಕ್ಕ ಉಷ್ಣಾಂಶದಲ್ಲಿ ಇಡದಿದ್ದರೆ ಕನಿಷ್ಠ 7 ಅಂಕ, ಸೊಪ್ಪು ತರಕಾರಿಯನ್ನು ತೊಳೆಯದೆ ಹಸಿಯಾಗಿ ಬಡಿಸಿದರೆ ಕನಿಷ್ಠ 5. ಬಿಸಿ ಪದಾರ್ಥ 140 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯಬಾರದು, ತಣ್ಣಗಿಡಬೇಕಾದದ್ದು 41 ಡಿಗ್ರಿ ಮೀರಬಾರದು. ನಮ್ಮ ಅಡುಗೆಗೆ ಈ ನಿಯಮ ಬಿಗಿಯಾದದ್ದು. ದೋಸೆ ಹೊಯ್ಯುವವರ ಕೈಗೆ ಸಿಗುವಂತೆ ಕಾವಲಿಯ ಪಕ್ಕದಲ್ಲೇ ಇಟ್ಟ ಆಲೂಗಡ್ಡೆ ಪಲ್ಯ, ಬೆಳಿಗ್ಗೆ ರುಬ್ಬಿ ಹೊರಗೇ ಬಿಟ್ಟ ಕಾಯಿಚಟ್ನಿ, ಇವೆರಡೇ ಸಾಕು ಅಂಕ ಏರಲು. ತೆಂಗಿನಕಾಯಿ ಚಟ್ನಿ ಬೇಗ ಹಳಸುತ್ತದೆ ಎಂಬುದು ನಮಗೆ ಗೊತ್ತಿರುವ ಸಂಗತಿಯೇ ಆದ್ದರಿಂದ ಈ ನಿಯಮ ಅತಿಯಾಯಿತೆಂದು ನನಗೆ ಅನಿಸುವುದಿಲ್ಲ.

ದಾಖಲೆಯಲ್ಲಿ ಅಂಕದ ಜೊತೆಗೆ ಲೋಪದ ವಿವರವೂ ಇರುತ್ತದೆ. ಒಮ್ಮೆ ಚಟ್ನಿ ತಣ್ಣಗಿರಲಿಲ್ಲ ಎಂದು ಬರೆಸಿಕೊಂಡ ಹೋಟೆಲಿಗೂ, ತಪಾಸಣೆ ನಡೆದಾಗಲೆಲ್ಲ ಇಲಿಯ ಹಿಕ್ಕೆ ಸಿಕ್ಕಿತೆಂದು ಬರೆಸಿಕೊಂಡ ಹೋಟೆಲಿಗೂ ಬಾಗಿಲಲ್ಲಿ ಒಂದೇ ‘ಎ’ ಇರಬಹುದು. ಮೊದಲನೆಯದರಲ್ಲಿ ನಾನು ನಿಶ್ಚಿಂತೆಯಿಂದ ಉಣ್ಣುತ್ತೇನೆ, ಎರಡನೆಯದಕ್ಕೆ ಕಾಲಿಡುವುದಿಲ್ಲ. ಮೊದಲ ತಪಾಸಣೆಯಲ್ಲಿ ‘ಎ’ ದಕ್ಕದವರಿಗೆ ಮರುತಪಾಸಣೆಯ ಅವಕಾಶವಿದ್ದು, ಆಗ ಅಡುಗೆಮನೆ ಶುಚಿಯಾಗಿದ್ದರೆ ‘ಎ’ ಫಲಕವೇ ಸಿಗುತ್ತದೆ. ಮೊದಲ ಸಲ ಬಂದ ಅಂಕ ಫಲಕದಲ್ಲಿಲ್ಲ, ದಾಖಲೆಯಲ್ಲಿದೆ. ಮುನ್ಸೂಚನೆಯಿಲ್ಲದೆ ಬಂದವರ ಕಣ್ಣಿಗೆ ಬಿದ್ದ ಅಡುಗೆಮನೆ ಅದು. ನಾನು ಹೆಚ್ಚು ನಂಬುವುದೂ ಅದನ್ನೇ.

ಕೊರತೆಗಳೂ ಇವೆ. ಲೋಪಗಳ ವಿವರಣೆ ಕಾನೂನಿನ ಭಾಷೆಯಲ್ಲಿದ್ದು, ಹೊಸಬರಿಗೆ ಸುಲಭವಾಗಿ ಅರ್ಥವಾಗುವುದಿಲ್ಲ. ಹಾಗಿದ್ದರೂ, ಬಿಲ್ಲಿನ ಮೇಲೆ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನೀಡುವ 14 ಅಂಕಿಯ ಪರವಾನಗಿ ಸಂಖ್ಯೆ ಓದಿ ಸುಮ್ಮನಾಗಬೇಕಾದ ಬೆಂಗಳೂರಿನ ಗ್ರಾಹಕರಿಗೆ ಇಷ್ಟು ವಿವರವಾದ ದಾಖಲೆ ದೊರೆಯಲೇಬೇಕು. ನ್ಯೂಯಾರ್ಕಿನ ಇಲಾಖೆ ಮೊದಲ ತಪಾಸಣೆಯ ಅಂಕವನ್ನೂ ಫಲಕದ ಮೇಲೆ ದೊಡ್ಡದಾಗಿ ಅಚ್ಚುಹಾಕುವುದಾದರೆ ಈ ಸೇವೆಗೆ ಪೂರ್ಣ ಅಂಕ ಕೊಡಲು ನಾನು ಸಿದ್ಧ.