ಎಪ್ಪತ್ತು ಮಕ್ಕಳ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ: ಆರನೇ ತರಗತಿಗೆ ಮುಂದುವರಿಸಬಹುದೇ?

ಒಂದರಿಂದ ಏಳರವರೆಗೆ ತರಗತಿ, ಎಲ್ಲ ಸೇರಿ ಎಪ್ಪತ್ತರ ಆಸುಪಾಸು ಮಕ್ಕಳು. ಕರ್ನಾಟಕದ ಹಳ್ಳಿಗಳಲ್ಲಿ ಇಂಥ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗಳಿಗೆ ಲೆಕ್ಕವಿಲ್ಲ. ಮಗು ಐದನೇ ತರಗತಿ ಮುಗಿಸುವ ಹೊತ್ತಿಗೆ ಮನೆಯಲ್ಲಿ ಚರ್ಚೆ ಶುರುವಾಗುತ್ತದೆ: ಇಲ್ಲೇ ಓದಿಸುವುದೋ, ಹೋಬಳಿಯ ಖಾಸಗಿ ಶಾಲೆಯ ವ್ಯಾನ್ ಹತ್ತಿಸುವುದೋ? ಯಾವುದೋ ಒಂದು ಶಾಲೆಯನ್ನು ಹಿಡಿದು ಬರೆದದ್ದಲ್ಲ ಇದು. ಈ ಗಾತ್ರದ ಶಾಲೆಯಿಂದ ಏನು ಸಿಗುತ್ತದೆ, ಏನು ಕೈಕೊಡುತ್ತದೆ ಎಂಬುದರ ವಿಮರ್ಶೆ. ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಗಣಿತ-ವಿಜ್ಞಾನಕ್ಕೆ ಕಾಯಂ ಶಿಕ್ಷಕರಿದ್ದು, ಅವರು ನಿಜವಾಗಿಯೂ ಅದೇ ಶಾಲೆಯಲ್ಲಿ ಪಾಠ ಮಾಡುತ್ತಿದ್ದರೆ ಧೈರ್ಯವಾಗಿ ಮುಂದುವರಿಸಿ. ಆ ಒಂದು ಹುದ್ದೆ ಖಾಲಿ ಇದ್ದರೆ ಗೋಡೆಗೆ ಎಷ್ಟು ಚೆಂದ ಬಣ್ಣ ಬಳಿದಿದ್ದರೂ ಎರಡು ಸಲ ಯೋಚಿಸಿ.

ಶಿಕ್ಷಕರ ಲೆಕ್ಕದಿಂದಲೇ ಶುರು ಮಾಡೋಣ, ಉಳಿದದ್ದೆಲ್ಲ ಅದರ ಬೆನ್ನಿಗೇ ಬರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರಕಾರ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. ಆರರಿಂದ ಎಂಟಕ್ಕೆ ತರಗತಿಗೆ ಒಬ್ಬರಂತೆ, ವಿಜ್ಞಾನ-ಗಣಿತಕ್ಕೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು, ಭಾಷೆಗೊಬ್ಬರು ಕನಿಷ್ಠ ಇರಬೇಕು. 35 ಮಕ್ಕಳಿಗೆ ಒಬ್ಬರಿಗಿಂತ ಕಡಿಮೆ ಇರಕೂಡದು. ಕೆಳಗಿನ ಐದು ತರಗತಿಗಳಲ್ಲಿ 45, ಮೇಲಿನ ಎರಡರಲ್ಲಿ 25 ಮಕ್ಕಳಿದ್ದಾರೆ ಎಂದುಕೊಳ್ಳಿ. ಕೆಳಗೆ ಇಬ್ಬರು, ಮೇಲೆ ವಿಷಯಕ್ಕೊಬ್ಬರಂತೆ ಮೂವರು, ಒಟ್ಟು ಐದು ಜನ ಇದ್ದರೆ ಶಾಲೆ ಸರಾಗವಾಗಿ ನಡೆಯುತ್ತದೆ. ಮೂವರೇ ಇದ್ದರೆ? ಒಬ್ಬರು ಒಂದರಿಂದ ಮೂರರ ಮಕ್ಕಳು ಒಟ್ಟಿಗೆ ಕಲಿಯುವ ನಲಿಕಲಿ ಕೊಠಡಿಗೆ, ಇನ್ನೊಬ್ಬರು ನಾಲ್ಕು-ಐದಕ್ಕೆ, ಉಳಿದ ಒಬ್ಬರೇ ಆರು-ಏಳರ ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜಕ್ಕೆಲ್ಲ. ಆ ಒಬ್ಬರೇ ಪ್ರಭಾರ ಮುಖ್ಯಶಿಕ್ಷಕರೂ ಆಗಿದ್ದರೆ ತಿಂಗಳ ಸಭೆ, ಬಿಸಿಯೂಟದ ಲೆಕ್ಕ, ಸ್ಯಾಟ್ಸ್ (ಮಕ್ಕಳ ವಿವರ ದಾಖಲಿಸುವ ಆನ್‌ಲೈನ್ ವ್ಯವಸ್ಥೆ) ನಮೂದು ಎಲ್ಲವೂ ಏಳನೇ ತರಗತಿಯ ಪಾಠದ ಹೊತ್ತನ್ನೇ ತಿನ್ನುತ್ತವೆ. ಪೂರ್ಣಾವಧಿ ಮುಖ್ಯಶಿಕ್ಷಕರನ್ನು ಕಾಯ್ದೆ ಕಡ್ಡಾಯ ಮಾಡಿರುವುದು ಮೇಲಿನ ತರಗತಿಗಳಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದಾಗ. ಹಾಗಾಗಿ ಈ ಗಾತ್ರದ ಶಾಲೆಯಲ್ಲಿ ಆ ಆಸೆ ಇಟ್ಟುಕೊಳ್ಳಬೇಡಿ.

ಶಾಲೆಗೆ ಹೋದಾಗ ‘ಎಷ್ಟು ಜನ ಟೀಚರ್ ಇದ್ದಾರೆ’ ಎಂದಷ್ಟೇ ಕೇಳಿದರೆ ಸಿಗುವ ಉತ್ತರ ಉಪಯೋಗಕ್ಕೆ ಬಾರದು. ಕೇಳಬೇಕಾದ್ದು ಹೀಗೆ: ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದೆಷ್ಟು, ಅದರಲ್ಲಿ ನಿಯೋಜನೆ ಮೇಲೆ ಬೇರೆ ಕಡೆ ಇರುವವರೆಷ್ಟು? ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ನಿಯೋಜನೆ ಮೇಲೆ ಹೋದವರ ಹೆಸರು, ಸಂಬಳ, ಹುದ್ದೆ ಎಲ್ಲವೂ ಈ ಶಾಲೆಯ ಲೆಕ್ಕದಲ್ಲೇ ಇರುತ್ತವೆ, ಪಾಠ ಮಾತ್ರ ಇನ್ನೊಂದೂರಲ್ಲಿ. ಕಾಗದದ ಮೇಲೆ ಹುದ್ದೆ ಭರ್ತಿ ಎಂದೇ ಕಾಣುವುದರಿಂದ ಆ ಜಾಗಕ್ಕೆ ಅತಿಥಿ ಶಿಕ್ಷಕರನ್ನು ಕೇಳಿ ಪಡೆಯುವುದೂ ಕಷ್ಟ. ಜೊತೆಗೆ ಆರು-ಏಳಕ್ಕೆ ಪಾಠ ಮಾಡುವವರು ಜಿಪಿಟಿ, ಅಂದರೆ ಪದವೀಧರ ಪ್ರಾಥಮಿಕ ಶಿಕ್ಷಕರೇ, ಯಾವ ವಿಷಯದವರು ಎಂದೂ ವಿಚಾರಿಸಿ. ಕೆಳಗಿನ ತರಗತಿಗಳ ಪಿಎಸ್‌ಟಿ, ಅಂದರೆ ಪ್ರಾಥಮಿಕ ಶಾಲಾ ಶಿಕ್ಷಕರೇ ಮೇಲಿನ ತರಗತಿಗಳನ್ನೂ ನಿಭಾಯಿಸುವ ಶಾಲೆಗಳು ಸಾಕಷ್ಟಿವೆ. ಅವರಲ್ಲಿ ಅತ್ಯುತ್ತಮರೂ ಇದ್ದಾರೆ. ಆದರೆ ಸಮಾಜ ಓದಿದವರು ಬೀಜಗಣಿತ ಕಲಿಸುವಾಗ ತೊಡಕಾಗುವುದು ಸಹಜ.

ಅತಿಥಿ ಶಿಕ್ಷಕರ ವಿಷಯವನ್ನು ನ್ಯಾಯವಾಗಿ ನೋಡಬೇಕು. 2025-26ರಲ್ಲಿ ಗೌರವಧನ ಎರಡು ಸಾವಿರ ಏರಿ ಪ್ರಾಥಮಿಕ ಶಾಲೆಯವರಿಗೆ ತಿಂಗಳಿಗೆ 12,000 ರೂಪಾಯಿ ಆಯಿತು. ಬೇಸಿಗೆ ರಜೆಯ ತಿಂಗಳಿಗೆ ಅದೂ ಇಲ್ಲ. ಬಿ.ಇಡಿ ಮುಗಿಸಿದವರು ಈ ದುಡ್ಡಿಗೆ ನಿತ್ಯ ಬಸ್ಸಲ್ಲಿ ಬಂದು ಮನಸಿಟ್ಟು ಕಲಿಸುತ್ತಿದ್ದಾರೆ ಎಂದರೆ ಅದಕ್ಕೆ ಕೈಮುಗಿಯಬೇಕು. ತೊಂದರೆ ವ್ಯವಸ್ಥೆಯಲ್ಲಿದೆ. ಹಂಚಿಕೆ ಆದೇಶ ತಡವಾದರೆ ಶಾಲೆ ಶುರುವಾದ ಮೊದಲ ವಾರಗಳು ಖಾಲಿ ಹೋಗುತ್ತವೆ. ನಡುವೆ ಒಳ್ಳೆಯ ಕೆಲಸ ಸಿಕ್ಕರೆ ಅವರು ಹೊರಡುತ್ತಾರೆ, ಹೊರಡಲೇಬೇಕು. ಇದನ್ನು ಕಣ್ಣಾರೆ ನೋಡಲು ಏಳನೇ ತರಗತಿಯ ಯಾವುದಾದರೂ ಮಗುವಿನ ಗಣಿತದ ನೋಟ್ಸ್ ತೆರೆಸಿ, ಶಿಕ್ಷಕರ ಸಹಿಯ ಕೆಳಗಿನ ತಾರೀಖುಗಳನ್ನು ಸಾಲಾಗಿ ಓದಿ. ವರ್ಷದ ಶುರುವಿನಲ್ಲಿ ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧದ ಲೆಕ್ಕಗಳಾದ ಮೇಲೆ ಜುಲೈ ಮಧ್ಯದವರೆಗೆ ತಾರೀಖೇ ಇಲ್ಲ ಎಂದರೆ ಅಲ್ಲಿ ಯಾರೂ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಒಂದೇ ದಿನದ ಸಹಿ ಹತ್ತು ಪುಟಕ್ಕೆ ಬಿದ್ದಿದ್ದರೆ ತಿದ್ದಿದ್ದು ತಪಾಸಣೆಗಾಗಿ. ವಾರಕ್ಕೆರಡು ಸಹಿ, ತಪ್ಪಾದ ಹೆಜ್ಜೆಗೆ ಕೆಂಪು ಗೆರೆ, ಪಕ್ಕದಲ್ಲಿ ಮಗು ಮತ್ತೆ ಮಾಡಿದ ಲೆಕ್ಕ ಕಂಡರೆ ಅದು ಒಳ್ಳೆಯ ಶಾಲೆ. ಹನ್ನೆರಡು ಮಕ್ಕಳ ತರಗತಿಯಲ್ಲಿ ಇದು ಸಾಧ್ಯ, ಅರವತ್ತು ಮಕ್ಕಳ ಖಾಸಗಿ ತರಗತಿಯಲ್ಲಿ ಕಷ್ಟ. ಸಣ್ಣ ಶಾಲೆಯ ದೊಡ್ಡ ಲಾಭ ಇದೇ.

ಕಾಯ್ದೆಯಲ್ಲಿ ಆರರಿಂದ ಎಂಟಕ್ಕೆ ವರ್ಷಕ್ಕೆ 220 ದಿನ, 1,000 ಗಂಟೆ ಬೋಧನೆ ಎಂದಿದೆ. ಸಮೀಕ್ಷೆ, ಚುನಾವಣೆ ಕೆಲಸ ಬಂದಾಗ ಈ ಲೆಕ್ಕ ಕೆಡುತ್ತದೆ. 2025ರಲ್ಲಿ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿ, ತಪ್ಪಿದ ಪಾಠವನ್ನು ಹೆಚ್ಚುವರಿ ತರಗತಿಯಲ್ಲಿ ತುಂಬಿಸಲು ಹೇಳಲಾಯಿತು. ಹತ್ತು ಶಿಕ್ಷಕರಿರುವ ಶಾಲೆ ಇದನ್ನು ಹಂಚಿಕೊಳ್ಳುತ್ತದೆ, ಮೂವರಿರುವ ಶಾಲೆಗೆ ಆ ಅವಕಾಶವಿಲ್ಲ.

ಇನ್ನು ದಾಖಲಾತಿ. ಸೆಪ್ಟೆಂಬರ್ 30ಕ್ಕೆ ಶಾಲೆಯಲ್ಲಿರುವ ಮಕ್ಕಳ ಸಂಖ್ಯೆಯೇ ಯುಡೈಸ್, ಅಂದರೆ ದೇಶದ ಶಾಲೆಗಳ ವಾರ್ಷಿಕ ಮಾಹಿತಿ ಸಂಗ್ರಹದ ಲೆಕ್ಕ. ಮುಂದಿನ ಅನುದಾನ ನಿಲ್ಲುವುದು ಅದರ ಮೇಲೆ. ಶಿಕ್ಷಕರಲ್ಲಿ ಯಾರು ‘ಹೆಚ್ಚುವರಿ’ ಎಂದು ಗುರುತಿಸುವಾಗಲೂ ನೋಡುವುದು ಮಕ್ಕಳ ಸಂಖ್ಯೆಯನ್ನೇ. ಹೀಗಾಗಿ ನಾಲ್ಕು ಮಕ್ಕಳು ಬಿಟ್ಟರೆ ಒಬ್ಬ ಶಿಕ್ಷಕರು ಹೋಗಬಹುದು. ಅವರು ಹೋದರೆಂದು ಇನ್ನೂ ಎಂಟು ಮಕ್ಕಳು ಬಿಡುತ್ತಾರೆ. ಈ ಗಾತ್ರದ ಶಾಲೆಗಳು ಸೊರಗುವುದು ಹೆಚ್ಚಾಗಿ ಹೀಗೇ.

ಸೇರಿಸುವ ವಿಧಾನದಲ್ಲಿ ಸರ್ಕಾರಿ ಶಾಲೆಗೆ ಪೂರ್ಣ ಅಂಕ ಕೊಡಬಹುದು. ಶುಲ್ಕದ ತಾಪತ್ರಯವಿಲ್ಲ, ಪ್ರವೇಶ ಪರೀಕ್ಷೆ ಇಲ್ಲ. ಟಿಸಿ ತಡವಾಯಿತೆಂದು ಪ್ರವೇಶ ನಿರಾಕರಿಸುವಂತಿಲ್ಲ. ಕಾಯ್ದೆಯ 5ನೇ ಸೆಕ್ಷನ್‌ನಲ್ಲೇ ಹಾಗೆ ಹೇಳಿದೆ. ಎಡವಟ್ಟಾಗುವುದು ಸ್ಯಾಟ್ಸ್‌ನಲ್ಲಿ. ಖಾಸಗಿ ಶಾಲೆಯಿಂದ ಬರುವ ಮಗುವನ್ನು ಅಲ್ಲಿಯವರು ಬಾಕಿ ಫೀಸಿನ ನೆಪದಲ್ಲಿ ಆನ್‌ಲೈನ್‌ನಲ್ಲಿ ಬಿಡುಗಡೆ ಮಾಡದೆ ಇಟ್ಟುಕೊಂಡರೆ ಮಗು ಇಲ್ಲಿ ಬೆಂಚಿನ ಮೇಲಿದ್ದರೂ ಲೆಕ್ಕದಲ್ಲಿ ಇರುವುದಿಲ್ಲ. ಜೂನ್‌ನಲ್ಲೇ ಮುಖ್ಯಶಿಕ್ಷಕರ ಜೊತೆ ಕೂತು ಮಗುವಿನ ಸ್ಯಾಟ್ಸ್ ಸಂಖ್ಯೆ ಈ ಶಾಲೆಗೆ ಬಂದಿದೆಯೇ ನೋಡಿ. ಹೆಸರಿನ ತಾಳೆಯನ್ನೂ ಆಗಲೇ ಮುಗಿಸಿ: ಆಧಾರ್‌ನಲ್ಲಿ ಇನಿಷಿಯಲ್ ಕೊನೆಗೆ, ದಾಖಲಾತಿ ವಹಿಯಲ್ಲಿ ಮೊದಲಿಗೆ, ಒಂದು ಕಡೆ ‘ಲಕ್ಷ್ಮಿ’, ಇನ್ನೊಂದು ಕಡೆ ‘ಲಕ್ಷ್ಮೀ’. ಹೈಸ್ಕೂಲಿಗೆ ಹೋದ ಮೇಲೆ ಇದನ್ನು ಸರಿಪಡಿಸಲು ಅಲೆದಾಟ ಹೆಚ್ಚು.

ಖಾಸಗಿ ಶಾಲೆಯೊಂದಿಗೆ ಹೋಲಿಸುವವರು ಒಂದು ಮಾತು ನೆನಪಿಡಿ. 2019ರ ನಿಯಮ ತಿದ್ದುಪಡಿಯಾದ ಮೇಲೆ, ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಶೇ 25ರ ಉಚಿತ ಸೀಟು ಸಿಗುವುದಿಲ್ಲ. ಹೋಲಿಕೆ ಏನಿದ್ದರೂ ಪೂರ್ತಿ ಫೀಸು ಮತ್ತು ವ್ಯಾನ್ ಬಾಡಿಗೆ ಸೇರಿಸಿಯೇ.

ದುಡ್ಡಿನ ವಿಷಯದಲ್ಲಿ ಕಡಿಮೆ ಅಂಕ, ಆದರೆ ತಪ್ಪು ಶಾಲೆಯದ್ದಲ್ಲ. ಸಮಗ್ರ ಶಿಕ್ಷಣ ಯೋಜನೆಯ ಶಾಲಾ ಅನುದಾನ ಮೆಟ್ಟಿಲು ಮೆಟ್ಟಿಲಾಗಿದೆ: 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, ನೂರು ದಾಟಿದರೆ 250ರವರೆಗೆ 50,000. ಶೇ 10ರಷ್ಟನ್ನಾದರೂ ಸ್ವಚ್ಛತೆಗೆ ಖರ್ಚು ಮಾಡಬೇಕು. ನಮ್ಮ ಎಪ್ಪತ್ತು ಮಕ್ಕಳ ಶಾಲೆಗೆ 25,000. ಅದರಲ್ಲಿ 2,500 ಸ್ವಚ್ಛತೆಗೆ ತೆಗೆದಿಟ್ಟರೆ ತಿಂಗಳಿಗೆ ಉಳಿಯುವುದು 1,875 ರೂಪಾಯಿ. ಸೀಮೆಸುಣ್ಣ, ಹಾಜರಿ ವಹಿ, ಪ್ರಿಂಟರ್ ಟೋನರ್, ಇಂಟರ್‌ನೆಟ್ ರೀಚಾರ್ಜ್, ಒಡೆದ ನಲ್ಲಿ, ಹಾರಿಹೋದ ಹೆಂಚು ಎಲ್ಲವೂ ಇದರಲ್ಲೇ. ಏಳು ಕೊಠಡಿಯ ಖರ್ಚು ಮಕ್ಕಳು ಎಪ್ಪತ್ತಿದ್ದರೂ ನೂರಿಪ್ಪತ್ತಿದ್ದರೂ ಹೆಚ್ಚೂಕಡಿಮೆ ಅಷ್ಟೇ, ಅನುದಾನ ಮಾತ್ರ ಅರ್ಧ. ಮೂವತ್ತೊಂದನೇ ಮಗು ಬಿಟ್ಟು ಹೋದರೆ ಒಂದೇ ಏಟಿಗೆ 15,000 ಕಡಿತ. ತಲೆ ಎಣಿಸುವ ಬದಲು ಕೊಠಡಿ ಎಣಿಸಿ ಕೊಡುವುದೇ ಇಲ್ಲಿ ಸರಿಯಾದ ಕ್ರಮ ಎಂಬುದು ನಮ್ಮ ಖಚಿತ ಅಭಿಪ್ರಾಯ. 2023ರ ರಾಜ್ಯೋತ್ಸವದಂದು ಘೋಷಿಸಿದ ಉಚಿತ ವಿದ್ಯುತ್ ಮತ್ತು ನೀರಿನಿಂದ ಕರೆಂಟ್ ಬಿಲ್ಲಿನ ತಲೆನೋವು ತಪ್ಪಿದ್ದು ದೊಡ್ಡ ಉಪಕಾರ.

ಬಂದ ದುಡ್ಡು ಬಳಕೆಯಾಗದೆ ವಾಪಸಾಗುವುದಕ್ಕೂ ಕಾರಣಗಳಿವೆ. ಕಂತು ತಡವಾಗಿ ಬರುತ್ತದೆ, ಲೆಕ್ಕ ಮಾರ್ಚ್ 31ಕ್ಕೆ ಮುಗಿಯಬೇಕು. ಖಾತೆ ಮುಖ್ಯಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಜಂಟಿ ಹೆಸರಲ್ಲಿರುತ್ತದೆ. ಅಧ್ಯಕ್ಷರ ಮಗು ಏಳನೇ ತರಗತಿ ಮುಗಿಸಿ ಹೋದರೆ ಹೊಸ ಅಧ್ಯಕ್ಷರ ಆಯ್ಕೆ, ನಡಾವಳಿ, ಬ್ಯಾಂಕಿನಲ್ಲಿ ಸಹಿ ಬದಲಾವಣೆ ಎಂದು ವಾರಗಟ್ಟಲೆ ಎಳೆಯುತ್ತದೆ. ಐದು ಅಥವಾ ಆರನೇ ತರಗತಿಯ ಪೋಷಕರನ್ನು ಅಧ್ಯಕ್ಷರನ್ನಾಗಿ ಮಾಡಿಕೊಂಡ ಶಾಲೆಗಳಲ್ಲಿ ಈ ಫಜೀತಿ ಕಡಿಮೆ.

ಬಿಸಿಯೂಟ, ಹಾಲು ಒಟ್ಟಾರೆ ಚೆನ್ನಾಗಿದೆ. ಒಂದರಿಂದ ಐದಕ್ಕೆ ತಲಾ 100 ಗ್ರಾಂ, ಮೇಲಿನವರಿಗೆ 150 ಗ್ರಾಂ ಧಾನ್ಯ. ಎಲ್ಲರೂ ಬಂದ ದಿನ ಎಂಟೂಕಾಲು ಕಿಲೋ. 2013ರಲ್ಲಿ ಶುರುವಾದ ಕ್ಷೀರಭಾಗ್ಯದ ಹಾಲು ತಲಾ 150 ಮಿ.ಲೀ., 18 ಗ್ರಾಂ ಪುಡಿಯ ಲೆಕ್ಕ. ಎಪ್ಪತ್ತು ಮಕ್ಕಳಿಗೆ 1,260 ಗ್ರಾಂ. ಹಾಲು ತೆಳ್ಳಗಿದೆ ಎನಿಸಿದರೆ ತೂಕ ಕೇಳಲು ಸಂಕೋಚ ಬೇಡ. ಮೊಟ್ಟೆಗೆ ಕೊಡುವ 6 ರೂಪಾಯಿಯಲ್ಲೇ ಸಾಗಣೆ, ಇಂಧನ, ಸುಲಿಯುವ ಕೂಲಿ ಎಲ್ಲ ಸೇರಿದೆ. ಪೇಟೆಯಲ್ಲಿ ದರ ಏರಿದಾಗ ವ್ಯತ್ಯಾಸ ಶಿಕ್ಷಕರ ಜೇಬಿಗೇ ಬೀಳುತ್ತದೆ. ಈ ಅನ್ಯಾಯ ಬೇಗ ಸರಿಯಾಗಬೇಕು.

ಆಟೋಟದಲ್ಲಿ ಸಣ್ಣ ಶಾಲೆ ಸೋಲುತ್ತದೆ. ದೈಹಿಕ ಶಿಕ್ಷಕರು ಇರುವುದು ಅಪರೂಪ, ಕಬಡ್ಡಿ ತಂಡ ಕಟ್ಟಲೂ ಕೆಲವೊಮ್ಮೆ ಮಕ್ಕಳು ಸಾಲುವುದಿಲ್ಲ. ಹಾಡು, ಭಾಷಣದಂಥ ಸ್ಪರ್ಧೆಗಳ ಪ್ರತಿಭಾ ಕಾರಂಜಿಯಲ್ಲಿ ಮಾತ್ರ ಮಕ್ಕಳು ಕಡಿಮೆ ಇರುವುದೇ ಅನುಕೂಲ, ಪ್ರತಿ ಮಗುವಿಗೂ ವೇದಿಕೆ ಸಿಗುತ್ತದೆ.

ಉಳಿದೆಲ್ಲ ಸರಿಯಿದ್ದು ಗಣಿತ-ವಿಜ್ಞಾನದ ಹುದ್ದೆಯೊಂದೇ ಖಾಲಿ ಇದೆ ಎಂದಾದರೆ ಟಿಸಿ ಕೇಳುವ ಮೊದಲು ಇಷ್ಟು ಮಾಡಿ. ಮುಕ್ಕಾಲು ಪಾಲು ಪೋಷಕರೇ ಇರುವ ಎಸ್‌ಡಿಎಂಸಿಯ ಸಭೆ ಕರೆಸಿ. ಹುದ್ದೆ ಯಾವಾಗಿನಿಂದ ಖಾಲಿ, ಮೇಲಿನ ತರಗತಿಗಳಲ್ಲಿ ಮಕ್ಕಳೆಷ್ಟು, ನಿಯೋಜನೆ ಮೇಲೆ ಹೋದವರು ಯಾರು ಎಂಬುದನ್ನು ನಡಾವಳಿಯಲ್ಲಿ ಬರೆಸಿ, ಪ್ರತಿಯೊಂದಿಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿಗೂ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇರಲಿ, ಪಕ್ಕದ ಯಾವ ಶಾಲೆಯಲ್ಲಿ ಹೆಚ್ಚುವರಿ ಶಿಕ್ಷಕರಿದ್ದಾರೆಂದು ಅವರಿಗೆ ಗೊತ್ತಿರುತ್ತದೆ. ಅತಿಥಿ ಶಿಕ್ಷಕರ ಹಂಚಿಕೆ ಪಟ್ಟಿ ತಯಾರಾಗುವ ಮುನ್ನ, ಮೇ ಕೊನೆಯ ವಾರದೊಳಗೆ ಈ ಅರ್ಜಿ ಕಚೇರಿಯ ಮೇಜಿನ ಮೇಲಿರಬೇಕು.