ಏಪ್ರಿಲ್‌ನ ಈರಿ ಸರೋವರಕ್ಕೆ ಯಾವ ಬೋರ್ಡು? ಇನ್‌ಲೈನ್, ಮಾಸ್ಟ್ ಎರಡನ್ನೂ ಓಡಿಸಿ ನೋಡಿದ ಮೇಲೆ

ಬೋರ್ಡೆಂದರೆ ಬೋಟಿನಿಂದ ಗಾಳ ಎಳೆಯುವಾಗ ದಾರವನ್ನು ಪಕ್ಕಕ್ಕೆ ಒಯ್ಯುವ ತೇಲುಹಲಗೆ. ಅದನ್ನು ಗಾಳದ ದಾರಕ್ಕೇ ಕಚ್ಚಿಸಿದರೆ ಇನ್‌ಲೈನ್, ಬೋಟಿನ ಕಂಬದಿಂದ ಬಿಟ್ಟ ಹಗ್ಗಕ್ಕೆ ಕಟ್ಟಿದರೆ ಮಾಸ್ಟ್. ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. 18 ಅಡಿಯ ಬೋಟು, ಇಬ್ಬರು ಜನ, ನಾಲ್ಕು ರಾಡು, ಮಾರ್ಚ್ ಕೊನೆಯಿಂದ ಏಪ್ರಿಲ್ ಮುಗಿಯುವ ತನಕ ಈರಿ ಸರೋವರದ ಪಶ್ಚಿಮ ಭಾಗದಲ್ಲಿ ವಾಲೈ ಎನ್ನುವ ಸಿಹಿನೀರಿನ ಮೀನಿನ ಬೇಟೆ. ಲೆಕ್ಕ ಇಷ್ಟೇ ಆದರೆ ಇನ್‌ಲೈನ್ ಬೋರ್ಡೇ ಸರಿ. ಮಾಸ್ಟ್ ಸೆಟ್ಟಿಗೆ ಸುರಿದ ದುಡ್ಡು ಈ ಕಾಲದ ಮಟ್ಟಿಗೆ ದಂಡವಾಯಿತು. ಜೂನ್ ಬಂದ ಮೇಲೆ ಅದೇ ಸೆಟ್ಟು ಚೆನ್ನಾಗಿ ಓಡುತ್ತದೆ, ಆ ಮಾತು ಬೇರೆ. ತಣ್ಣೀರಿಗೂ ಆಮೆ ನಡಿಗೆಗೂ ಅದು ಒಗ್ಗಲಿಲ್ಲ.

ಡೆಟ್ರಾಯಿಟ್, ಟೊಲೀಡೊ, ಕ್ಲೀವ್‌ಲ್ಯಾಂಡ್ ಕಡೆ ಇರುವ ನಮ್ಮ ಕರಾವಳಿಯವರಿಗೆ ಟ್ರೋಲಿಂಗ್ ಎಂದೊಡನೆ ಮಲ್ಪೆಯ ಟ್ರಾಲ್ ಬೋಟು ಕಣ್ಣಿಗೆ ಬರಬಹುದು. ಅದು ಬಲೆ ಎಳೆಯುವ ಕೆಲಸ. ಇಲ್ಲಿ ನಿಧಾನಕ್ಕೆ ಓಡುವ ಬೋಟಿನಿಂದ ಗಾಳದ ದಾರ ಬಿಟ್ಟು, ತುದಿಯಲ್ಲಿ ಕ್ರ್ಯಾಂಕ್‌ಬೈಟ್ ಎನ್ನುವ ಪ್ಲಾಸ್ಟಿಕ್ ಮೀನನ್ನು ಎಳೆದುಕೊಂಡು ಹೋಗುತ್ತಾರೆ. ದಾರ ಬೋಟಿನ ಬೆನ್ನಿಗೇ ಇದ್ದರೆ ಸಾಲದು. ಪಶ್ಚಿಮ ಭಾಗದ ಸರಾಸರಿ ಆಳ ಬರೀ 24 ಅಡಿ. ಪೋರ್ಟ್ ಕ್ಲಿಂಟನ್ ಎದುರಿನ ಬಂಡೆದಿಬ್ಬಗಳ ಮೇಲೆ ಇನ್ನೂ ಕಡಿಮೆ. ಮೇಲ್ಮಟ್ಟದಲ್ಲಿ ನಿಂತ ಮೀನಿನ ತಲೆಯ ಮೇಲೆ ಬೋಟು ಹೋದರೆ ಅದು ಪಕ್ಕಕ್ಕೆ ಸರಿದುಬಿಡುತ್ತದೆ. ಹಾಗಾಗಿ ದಾರವನ್ನೂ ಪಕ್ಕಕ್ಕೆ ಕಳಿಸಬೇಕು. ಗಾಳಿಪಟ ಗಾಳಿಗೆ ಏರುವಂತೆ ಬೋರ್ಡು ನೀರಿನ ಒತ್ತಡಕ್ಕೆ ಬದಿಗೆ ಹೋಗುತ್ತದೆ, ದಾರವನ್ನೂ ಜೊತೆಗೆ ಒಯ್ಯುತ್ತದೆ.

ಇನ್‌ಲೈನ್ ಬೋರ್ಡು ಸುಮಾರು ಒಂದು ಗೇಣು ಉದ್ದದ್ದು. ಒಂದೊಂದು ಗಾಳದ ದಾರಕ್ಕೆ ಒಂದೊಂದು, ಮುಂದೊಂದು ಹಿಂದೊಂದು ಕ್ಲಿಪ್ಪಿನಿಂದ ನೇರವಾಗಿ ದಾರಕ್ಕೇ ಕಚ್ಚಿಸುವುದು. ಮಾಸ್ಟ್ ಪದ್ಧತಿಯಲ್ಲಿ ಬೋಟಿನ ಮುಂಭಾಗಕ್ಕೆ ಆಳೆತ್ತರದ ಕಂಬ ನೆಟ್ಟು, ಅದರ ರೀಲುಗಳಿಂದ ಎರಡೂ ಬದಿಗೆ ಹಗ್ಗ ಬಿಟ್ಟು, ಹಗ್ಗದ ತುದಿಗೆ ಎರಡು ಮೂರು ಅಡಿಯ ದೊಡ್ಡ ಬೋರ್ಡು ಕಟ್ಟುತ್ತಾರೆ. ಗಾಳದ ದಾರವನ್ನು ಒಂದು ಕ್ಲಿಪ್ಪಿಗೆ ಸಿಕ್ಕಿಸಿ, ಕ್ಲಿಪ್ಪಿನ ಉಂಗುರವನ್ನು ಹಗ್ಗಕ್ಕೆ ಹಾಕಿ ಜಾರಲು ಬಿಡುವುದು. ಮೀನು ಕಚ್ಚಿದಾಗ ದಾರ ಕ್ಲಿಪ್ಪಿನಿಂದ ತಾನಾಗಿ ಕಳಚಿಕೊಳ್ಳಬೇಕು.

ಈ ಕಳಚಿಕೊಳ್ಳುವ ಜಾಗದಲ್ಲೇ ತಕರಾರು.

ಏಪ್ರಿಲ್ ಮೊದಲ ವಾರ ನೀರು ಸಾಮಾನ್ಯವಾಗಿ 40 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು. ಹೆಣ್ಣು ವಾಲೈ ಹೊಟ್ಟೆ ತುಂಬ ಮೊಟ್ಟೆ ಹೊತ್ತು ದಿಬ್ಬಗಳ ಅಂಚಿನಲ್ಲಿ ಕಾಯುತ್ತಿರುತ್ತದೆ. ನೀರು 45 ಡಿಗ್ರಿ ಆಸುಪಾಸು ದಾಟಿದಾಗ ಮೊಟ್ಟೆ ಇಡುವ ಗಡಿಬಿಡಿ. ಅಲ್ಲಿಯ ತನಕ ಅದು ಬೇಟೆಯನ್ನು ಅಟ್ಟಿಸಿಕೊಂಡು ಬಂದು ಹೊಡೆಯುವುದಿಲ್ಲ. ಬಾಯಿಬಿಟ್ಟು ಒಳಗೆಳೆದುಕೊಂಡು, ಬೋಟು ಹೋದ ಕಡೆಗೇ ಸುಮ್ಮನೆ ಬರುತ್ತದೆ. ಎಂಟು ಪೌಂಡಿನ ಮೀನು ಕೂಡ ನೆನೆದ ಗೋಣಿಚೀಲ ಎಳೆದಷ್ಟೇ ಭಾರ ತೋರಿಸುತ್ತದೆ, ಜಗ್ಗುವುದೇ ಇಲ್ಲ. ಒಂದೂವರೆ ಪೌಂಡಿನ ಗಂಡು ಕಚ್ಚಿದರಂತೂ ಗೊತ್ತೇ ಆಗದು.

ಮಾಸ್ಟ್ ಕ್ಲಿಪ್ಪು ಕೆಲಸ ಮಾಡುವುದು ಜಗ್ಗಿದಾಗ. ಬಿಗಿ ಇಟ್ಟರೆ ಮೀನು ಕಚ್ಚಿಯೂ ದಾರ ಕಳಚುವುದಿಲ್ಲ. ಅರ್ಧ ಗಂಟೆ ಮೀನನ್ನು ಎಳೆದುಕೊಂಡೇ ತಿರುಗಾಡಿ, ದಾರ ತೆಗೆದು ನೋಡಿದಾಗ ಸತ್ತ ಮೀನು, ಇಲ್ಲವೇ ಬಾಯಿ ಹರಿದುಕೊಂಡು ಹೋದ ಖಾಲಿ ಕೊಕ್ಕೆ. 15 ಇಂಚಿಗಿಂತ ಚಿಕ್ಕದನ್ನು ಓಹಾಯೋದಲ್ಲಿ ವಾಪಸು ಬಿಡಲೇಬೇಕು. ಹೀಗೆ ಎಳೆದು ಸಾಯಿಸಿದ ಮರಿಯನ್ನು ಬಿಟ್ಟು ಏನು ಪ್ರಯೋಜನ? ಕ್ಲಿಪ್ಪು ಸಡಿಲ ಮಾಡಿದರೆ ಇನ್ನೊಂದು ಕಾಟ. ಡೀಪ್ ಡೈವರ್, ಅಂದರೆ ಆಳಕ್ಕಿಳಿಯುವ ಕ್ರ್ಯಾಂಕ್‌ಬೈಟಿನ ಅಗಲ ನಾಲಿಗೆ ನೀರನ್ನು ಅಗೆಯುತ್ತ ತಾನೇ ಸಾಕಷ್ಟು ಜಗ್ಗುತ್ತದೆ. ಅದರ ಮೇಲೆ ಎರಡಡಿ ಅಲೆ ಬಂದು ದೊಡ್ಡ ಬೋರ್ಡು ಒಮ್ಮೆ ಮುಂದಕ್ಕೆ ನುಗ್ಗಿ ಒಮ್ಮೆ ಹಿಂದೆ ನಿಂತರೆ ಸಾಕು, ಟಪ್ ಎಂದು ಕಳಚಿತು. ಮೀನಿಲ್ಲ. ಸುತ್ತಿ ತಂದು, ಒಳಗಿನ ದಾರಗಳನ್ನು ಹೊರಕ್ಕೆ ಜಾರಿಸಿ, ಹೊಸ ಉಂಗುರ ಹಾಕಿ ಮತ್ತೆ ಬಿಡಬೇಕು. ಗಂಟೆಗೆ ಐದಾರು ಸಲ ಹೀಗಾದರೆ ಗಾಳ ನೀರಲ್ಲಿರುವುದಕ್ಕಿಂತ ಬೋಟಿನಲ್ಲಿರುವುದೇ ಹೆಚ್ಚು.

ಇದಕ್ಕೆ ಅಂಟಿಕೊಂಡ ಇನ್ನೊಂದು ತೊಂದರೆಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಉಂಗುರ ಹಗ್ಗದ ಮೇಲೆ ಜಾರುವುದು ಗಾಳದ ದಾರವನ್ನು ನೀರು ಹಿಂದಕ್ಕೆ ತಳ್ಳುವುದರಿಂದ. ಗಂಟೆಗೆ ಎರಡು ಮೈಲಿ ವೇಗದಲ್ಲಿ ಅದು ಸರ್ರನೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಓಡಿಸುವುದು 1.0ರಿಂದ 1.4 ಮೈಲಿ. ಆ ವೇಗಕ್ಕೆ ದೊಡ್ಡ ಬೋರ್ಡೂ ಪೂರ್ತಿ ಬಿಗಿ ಹಿಡಿಯುವುದಿಲ್ಲ, ಹಗ್ಗ ನಡುವಲ್ಲಿ ಜೋಲುತ್ತದೆ, ಉಂಗುರ ಆ ತಗ್ಗಿಗೆ ಬಂದು ನಿಂತುಬಿಡುತ್ತದೆ. ಹಿಂದೆ ಬಿಟ್ಟದ್ದೂ ಅಲ್ಲಿಗೇ ಬಂದು ಕೂರುತ್ತದೆ. ಎರಡು ದಾರ ಹತ್ತಿರ ಹತ್ತಿರ, ಮೊದಲ ತಿರುವಿನಲ್ಲೇ ಗಂಟು. ಬೆಳಗ್ಗೆ ಗಾಳಿ 32 ಡಿಗ್ರಿಗಿಂತ ತಣ್ಣಗಿದ್ದರೆ ಒದ್ದೆ ಹಗ್ಗದ ಮೇಲೆ ಮಂಜುಗಡ್ಡೆಯ ಪದರ ಕಟ್ಟಿ ಉಂಗುರ ಮಿಸುಕುವುದೇ ಇಲ್ಲ.

ಪರಿಹಾರ ಇಲ್ಲವೆಂದಲ್ಲ. ದಪ್ಪ ಹಗ್ಗ ತೆಗೆದು ತೆಳ್ಳಗಿನ, ಗಟ್ಟಿ ಹೆಣೆದ ದಾರ ಹಾಕಿದರೆ ಜೋಲು ಕಡಿಮೆ. ಕ್ಲಿಪ್ಪಿನ ರಬ್ಬರಿನೊಳಗೆ ದಾರವನ್ನು ಆಳಕ್ಕೆ ತಳ್ಳದೆ ಅಂಚಿನಲ್ಲಷ್ಟೇ ಕಚ್ಚಿಸಿದರೆ ಹಿಡಿತ ಹಗುರ. ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಸಣ್ಣ ರಬ್ಬರ್ ಬ್ಯಾಂಡು: ಗಾಳದ ದಾರಕ್ಕೆ ಒಂದು ಕುಣಿಕೆ ಬಿಗಿದು, ಇನ್ನೊಂದು ತುದಿಯನ್ನು ಉಂಗುರದ ಕೊಂಡಿಗೆ ಸಿಕ್ಕಿಸುವುದು. ಮೀನು ಭಾರ ಬಿಟ್ಟಾಗ ಬ್ಯಾಂಡು ಹಿಗ್ಗಿ ಹರಿಯುತ್ತದೆ. ಆದರೆ ಪ್ರತಿ ಸಲವೂ ಬರಿಗೈಯಲ್ಲಿ ಹೊಸ ಬ್ಯಾಂಡು ಕಟ್ಟಬೇಕು, ಅದೂ 40 ಡಿಗ್ರಿ ನೀರು ಸೋರುವ ದಾರಕ್ಕೆ. ಹತ್ತನೇ ಸಲಕ್ಕೆ ಬೆರಳು ಮರಗಟ್ಟಿ ಕುಣಿಕೆ ಬೀಳುವುದಿಲ್ಲ.

ಇನ್‌ಲೈನ್ ಬೋರ್ಡಿನಲ್ಲಿ ಈ ಗೋಳಿಲ್ಲ, ಏಕೆಂದರೆ ಅಲ್ಲಿ ಕಳಚಬೇಕಾದ್ದೇ ಏನಿಲ್ಲ. ಎರಡೂ ಕ್ಲಿಪ್ಪು ದಾರವನ್ನು ಹಿಡಿದೇ ಇರುತ್ತವೆ, ಸುದ್ದಿ ಹೇಳುವುದು ಬೋರ್ಡೇ. ಸಾಲಿನಲ್ಲಿದ್ದ ಬೋರ್ಡು ಪಕ್ಕದ್ದಕ್ಕಿಂತ ಒಂದಡಿ ಹಿಂದೆ ಬಿದ್ದಿತೆಂದರೆ ಏನೋ ಹತ್ತಿದೆ. ಅದರ ಮೇಲೆ ಸ್ಪ್ರಿಂಗ್ ಬಾವುಟ ಹಾಕಿಸಿದರೆ ಅಂಗೈಯಗಲದ ಮರಿ ಸಿಕ್ಕರೂ ತಿಳಿಯುತ್ತದೆ. ಬಾವುಟದ ತೋಳು ಹಿಂದಿನ ಕ್ಲಿಪ್ಪಿಗೆ ಜೋಡಣೆಯಾಗಿರುತ್ತದೆ, ಗಾಳದ ಮೇಲೆ ಭಾರ ಬಿದ್ದಷ್ಟೂ ಬಾವುಟ ಬಾಗುತ್ತದೆ. ಸ್ಪ್ರಿಂಗಿನ ಬಿಗಿಯನ್ನು ಆಯಾ ಕ್ರ್ಯಾಂಕ್‌ಬೈಟಿಗೆ ತಕ್ಕಂತೆ ಹೊಂದಿಸಬೇಕು. ಬರೀ ಗಾಳ ಎಳೆಯುವಾಗ ಬಾವುಟ ನೆಟ್ಟಗೆ ಅಥವಾ ಸ್ವಲ್ಪವೇ ವಾಲಿ ನಿಲ್ಲಬೇಕು. ಮೊದಲೇ ಮಲಗಿದ್ದರೆ ಡೀಪ್ ಡೈವರಿನ ಎಳೆತಕ್ಕೆ ಸ್ಪ್ರಿಂಗು ಸಾಲುತ್ತಿಲ್ಲವೆಂದು ಅರ್ಥ. ನೆಟ್ಟಗಿದ್ದ ಬಾವುಟ ಮೆಲ್ಲಗೆ ಬಾಗಿ, ಎದ್ದು, ಮತ್ತೆ ಬಾಗಿತೆಂದರೆ ಮೀನು. ಬಾಗಿದ್ದು ಬಾಗಿದಂತೆಯೇ ಉಳಿದರೆ ಬಹುಪಾಲು ಕಸ: ಮಳೆಯ ನಂತರ ಮಾಮಿ ನದಿ ತಂದು ಹಾಕುವ ಎಲೆ, ಕಡ್ಡಿ, ಕೊಳೆತ ಹುಲ್ಲು. ತಳ ತಾಗಿದ್ದರೆ ಕೊಕ್ಕೆಗೆ ಜೀಬ್ರಾ ಮಸೆಲ್ ಚಿಪ್ಪೂ ಬರುತ್ತದೆ. ಒಂದು ಎಲೆ ಸಿಕ್ಕರೂ ಕ್ರ್ಯಾಂಕ್‌ಬೈಟು ಅಲ್ಲಾಡುವುದು ನಿಲ್ಲುತ್ತದೆ, ಆ ದಾರ ನೀರಲ್ಲಿದ್ದೂ ಇಲ್ಲದಂತೆ. ಮಾಸ್ಟಿನಲ್ಲಿ ಈ ಎಲೆ ತಿಳಿಯುವ ದಾರಿಯೇ ಇಲ್ಲ.

ಬಿಡುವ ಕ್ರಮ ಹೀಗೆ. ಬಿಟ್ಟ ದಾರದ ಲೆಕ್ಕ ತೋರಿಸುವ ರೀಲಿನಲ್ಲಿ ಸೊನ್ನೆ ಮಾಡಿ ಗಾಳವನ್ನು 60 ಅಡಿ ಹಿಂದಕ್ಕೆ ಬಿಡಿ. ಮುಂದಿನ ಕ್ಲಿಪ್ಪಿಗೆ ದಾರ ಕಚ್ಚಿಸಿ, ಆಮೇಲೆ ಹಿಂದಿನ ಕ್ಲಿಪ್ಪಿಗೆ. ಹಿಂದಿನದು ನಡುವೆ ಕಡ್ಡಿ ಇರುವ ಕೆಂಪು ಕ್ಲಿಪ್ಪಾಗಿರಲಿ, ದಾರ ಆ ಕಡ್ಡಿಯ ಒಳಬದಿಗೆ ಹೋಗಬೇಕು. ಮುಂದಿನದು ಜಾರಿದರೂ ಬೋರ್ಡು ಕಳೆಯುವುದಿಲ್ಲ. ಬೋರ್ಡನ್ನು ನೀರಿಗಿಳಿಸಿ, ರೀಲಿನ ಮೇಲೆ ಹೆಬ್ಬೆರಳಿಟ್ಟು ಇನ್ನು 70–80 ಅಡಿ ಬಿಡಿ. ಸರಕ್ಕನೆ ಬಿಟ್ಟರೆ ಬೋರ್ಡು ಹಿಂದಕ್ಕೆ ತೇಲಿ ಗಾಳದ ಮೇಲೇ ಹೋಗಿ ಸುತ್ತಿಕೊಳ್ಳುತ್ತದೆ. ಎರಡನೆಯ ರಾಡಿಗೆ ಗಾಳ 90 ಅಡಿ ಹಿಂದೆ, ಬೋರ್ಡು 40 ಅಡಿ ದೂರ. ಹೀಗೆ ಹೊರಗಿನದು ಮೇಲೆ, ಒಳಗಿನದು ಆಳಕ್ಕೆ. ಸೋನಾರಿನಲ್ಲಿ ಮೀನು 18 ಅಡಿಯಲ್ಲಿ ಕಂಡರೆ ಗಾಳ 14–16ರಲ್ಲಿ ಓಡಲಿ. ವಾಲೈ ಮೇಲಕ್ಕೆ ನೋಡಿ ತಿನ್ನುವ ಮೀನು, ತನ್ನ ಕೆಳಗೆ ಹೋದದ್ದಕ್ಕೆ ಬಗ್ಗುವುದು ಅಪರೂಪ.

ಇನ್‌ಲೈನಿಗೂ ಒಂದು ಕೊರತೆ ಇದೆ. ತೆಳ್ಳಗಿನ ಬ್ರೇಡ್, ಅಂದರೆ ಹೆಣೆದ ದಾರ ಕ್ಲಿಪ್ಪಿನ ರಬ್ಬರಿನಲ್ಲಿ ಜಾರುತ್ತದೆ. ಜಾರಿದರೆ 60 ಅಡಿ ಎಂದುಕೊಂಡಿದ್ದ ಗಾಳ 75ಕ್ಕೆ ಹೋಗಿರುತ್ತದೆ, ನಿಮ್ಮ ಆಳದ ಲೆಕ್ಕವೆಲ್ಲ ಸುಳ್ಳು. ದಾರವನ್ನು ಕ್ಲಿಪ್ಪಿನ ಒಂದು ದವಡೆಗೆ ಎರಡು ಸುತ್ತು ಸುತ್ತಿ ಮುಚ್ಚಿದರೆ ನಿಲ್ಲುತ್ತದೆ, ಬಿಚ್ಚುವಾಗ ಮಾತ್ರ ಒದ್ದಾಟ. ಇದಕ್ಕಿಂತ 10 ಅಥವಾ 12 ಪೌಂಡು ಭಾರ ತಡೆಯುವ ಮೊನೊ, ಅಂದರೆ ಒಂದೆಳೆಯ ನೈಲಾನ್ ದಾರವೇ ವಾಸಿ. ಮೊನೊ ಸ್ವಲ್ಪ ಹಿಗ್ಗುತ್ತದೆ, ತಣ್ಣೀರಿನ ಮೆತ್ತಗಿನ ಕಚ್ಚಿಗೆ ಆ ಹಿಗ್ಗು ಒಳ್ಳೆಯದೇ, ಕೊಕ್ಕೆ ಬಾಯಿಂದ ಕಿತ್ತುಬರುವುದಿಲ್ಲ. ಬ್ರೇಡಿನಷ್ಟು ಆಳಕ್ಕೆ ಇಳಿಯದು, ನಿಜ. ಈ ಆಳಕ್ಕೆ ಅದರ ಅಗತ್ಯವೂ ಇಲ್ಲ.

ಮೀನು ಎಳೆಯುವ ಸುಖದಲ್ಲಿ ಮಾಸ್ಟೇ ಗೆದ್ದಿತು. ದಾರ ಕಳಚಿದ ಮೇಲೆ ನಡುವೆ ಏನೂ ಇರುವುದಿಲ್ಲ, ಮೀನು ಮತ್ತು ರಾಡು ಅಷ್ಟೇ. ಇನ್‌ಲೈನಿನಲ್ಲಿ ಬೋರ್ಡು ಕೈಗೆ ಬಂದಾಗ ಅದನ್ನು ತೆಗೆಯಬೇಕು, ಮೀನು ತಪ್ಪುವುದು ಹೆಚ್ಚಾಗಿ ಆ ಹತ್ತು ಸೆಕೆಂಡಿನಲ್ಲೇ. ಬೋಟನ್ನು ನಿಲ್ಲಿಸಬೇಡಿ, ವೇಗ ತುಸು ತಗ್ಗಿಸಿದರೆ ಸಾಕು. ರಾಡು ಹಿಡಿದವರು ತುದಿಯನ್ನು ಎತ್ತಿಯೇ ಇಟ್ಟು ಒಂದು ಹೆಜ್ಜೆ ಹಿಂದೆ ಸರಿಯಬೇಕು. ಜೊತೆಗಿದ್ದವರು ಕಡ್ಡಿಯ ಕ್ಲಿಪ್ಪನ್ನು ಮೊದಲು, ಮುಂದಿನದನ್ನು ಆಮೇಲೆ ಒತ್ತಿ ಬಿಡಿಸಬೇಕು, ದಾರ ಒಂದು ಕ್ಷಣವೂ ಸಡಿಲ ಬೀಳಬಾರದು. ದಪ್ಪ ಕೈಗವಸಿನಲ್ಲಿ ಕ್ಲಿಪ್ಪು ಒತ್ತಲು ಬರುವುದಿಲ್ಲ. ಹೆಬ್ಬೆರಳು, ತೋರುಬೆರಳಿನ ತುದಿ ತೆರೆದಿರುವ ನಿಯೋಪ್ರೀನ್ ಗವಸು ಬೇಕು. ಒಬ್ಬರೇ ಹೋಗುವವರಿಗೆ ಈ ಕೆಲಸ ನಿಜಕ್ಕೂ ಕಷ್ಟ.

ತಿರುವಿನಲ್ಲಿ ಇನ್‌ಲೈನ್ ಒಂದು ಪಾಠವನ್ನೂ ಹೇಳುತ್ತದೆ. ಬೋಟು ಎಡಕ್ಕೆ ತಿರುಗಿದಾಗ ಎಡಗಡೆಯ ಬೋರ್ಡುಗಳು ನಿಧಾನವಾಗುತ್ತವೆ, ಬಲಗಡೆಯವು ಓಡುತ್ತವೆ. ಕಚ್ಚು ಒಳಬದಿಯಲ್ಲೇ ಬರುತ್ತಿದ್ದರೆ ನೇರ ಓಟದಲ್ಲೂ ವೇಗ ಇಳಿಸಿ. ತಣ್ಣೀರಿನಲ್ಲಿ ಹತ್ತರಲ್ಲಿ ಏಳೆಂಟು ಸಲ ಉತ್ತರ ಅದೇ. 0.9ರ ತನಕ ಇಳಿದರೂ ಹೆದರಬೇಡಿ. ಕಿಕ್ಕರ್ ಎನ್ನುವ ಸಣ್ಣ ಹೆಚ್ಚುವರಿ ಮೋಟಾರು ಅಷ್ಟು ನಿಧಾನ ಓಡದಿದ್ದರೆ ಎರಡೂ ಬದಿಗೆ ಒಂದೊಂದು ಡ್ರಿಫ್ಟ್ ಸಾಕ್ (ನೀರಿನಲ್ಲಿ ಎಳೆದು ಬೋಟನ್ನು ತಡೆಯುವ ಬಟ್ಟೆಚೀಲ) ಕಟ್ಟಿ, ಅಲೆಯ ಜೊತೆಗೇ ಓಡಿಸಿ.

ಜನಜಂಗುಳಿಯ ವಿಷಯ ಬಂದರೆ ಮಾಸ್ಟಿಗೆ ಜಾಗವೇ ಸಿಗುವುದಿಲ್ಲ. ಏಪ್ರಿಲ್‌ನಲ್ಲಿ ನಯಾಗರಾ ರೀಫ್, ಕ್ರಿಬ್ ರೀಫ್ ಎನ್ನುವ ಬಂಡೆದಿಬ್ಬಗಳ ಮೇಲೆ ಜಿಗ್ (ತೂಕದ ಗಾಳವನ್ನು ನೇರ ಕೆಳಗೆ ಬಿಟ್ಟು ಕುಣಿಸುವುದು) ಹಾಕುವವರ ಬೋಟುಗಳು ಗುಂಪು ಗುಂಪಾಗಿರುತ್ತವೆ. ಅವರ ನಡುವೆ ಯಾವ ಬೋರ್ಡನ್ನೂ ಎಳೆಯಬಾರದು, ದಿಬ್ಬದ ಹೊರಗಿನ ಸಮತಟ್ಟಿನಲ್ಲಿ ಓಡಿಸಬೇಕು. ಅಲ್ಲೂ ಎದುರಿಗೆ ಬೋಟು ಬಂದರೆ ಇನ್‌ಲೈನನ್ನು ಅರ್ಧ ನಿಮಿಷದಲ್ಲಿ ಹತ್ತಿರ ತಂದುಕೊಳ್ಳಬಹುದು. ದಡದ ಸೇನಾ ತರಬೇತಿ ನೆಲೆ ಕ್ಯಾಂಪ್ ಪೆರಿಯಲ್ಲಿ ಗುಂಡಿನ ಅಭ್ಯಾಸವಿದ್ದ ದಿನ ದಿಬ್ಬಗಳ ಒಂದಷ್ಟು ಭಾಗ ಬಂದ್, ಹೊರಡುವ ಮುನ್ನ ಪ್ರಕಟಣೆ ನೋಡಿ.

ಈಶಾನ್ಯದ ಗಾಳಿ ಎರಡು ದಿನ ಬೀಸಿ ನೀರು ಚಹಾ ಬಣ್ಣಕ್ಕೆ ಬಂದಿದ್ದರೆ ಯಾವ ಬೋರ್ಡೂ ಬೇಡ, ಮನೆಯಲ್ಲೇ ಇರಿ. ಆ ನೀರಿಗೆ ಬಿದ್ದರೆ ಕೈಕಾಲು ಆಡುವುದು ಕೆಲವೇ ನಿಮಿಷ. ತೇಲಿಸುವ ಫ್ಲೋಟ್ ಸೂಟ್ ಮತ್ತು ನೀವು ಬಿದ್ದರೆ ಮೋಟಾರು ನಿಲ್ಲಿಸುವ ಕಿಲ್ ಸ್ವಿಚ್ ಇಲ್ಲದೆ ಹೋಗುವ ಮಾತೇ ಇಲ್ಲ.

ಖರ್ಚಿನಲ್ಲಿ ಹೋಲಿಕೆಯೇ ಇಲ್ಲ. ನಾಲ್ಕು ಇನ್‌ಲೈನ್ ಬೋರ್ಡು, ಬಾವುಟ ಸೇರಿ ಸುಮಾರು 200 ಡಾಲರಿನಲ್ಲಿ ಮುಗಿಯಿತು. ಮಾಸ್ಟು, ರೀಲು, ಜೋಡಿ ಬೋರ್ಡು, ಹಗ್ಗ, ಎರಡು ಡಜನ್ ಕ್ಲಿಪ್ಪು ಎಂದು ಕೂಡಿದರೆ ಅದರ ಎರಡೂವರೆ ಪಟ್ಟು, ಬೋಟಿಗೆ ತೂತು ಕೊರೆದದ್ದು ಬೇರೆ. 24 ಅಡಿಯ ಬೋಟು, ನಾಲ್ಕೈದು ಜನ, ಬೇಸಿಗೆಯಲ್ಲಿ ಗಂಟೆಗೆ ಎರಡು ಮೈಲಿ ದಾಟಿ ಸ್ಪೂನ್ ಎನ್ನುವ ಲೋಹದ ಗಾಳ ಎಳೆಯುವ ರೂಢಿ ಇದ್ದವರು ಮಾಸ್ಟನ್ನೇ ಕೊಳ್ಳಲಿ, ಅವರಿಗೆ ಅದು ಸಲ್ಲುತ್ತದೆ. ವರ್ಷಕ್ಕೆ ನಾಲ್ಕೈದು ವಾರಾಂತ್ಯ ಹೋಗಿ, ರವೆ ಹಚ್ಚಿ ಕಾಣೆಯ ಹಾಗೆ ಹುರಿಯಲು ನಾಲ್ಕು ಮೀನು ತಂದರೆ ಸಾಕೆನ್ನುವವರಿಗೆ ಇನ್‌ಲೈನ್. ವಾಲೈಯ ತುಂಡಿನಲ್ಲಿ ಮುಳ್ಳಿನ ಕಾಟ ಕಡಿಮೆ, ಮಾಂಸ ಬೆಳ್ಳಗೆ ಬಿಗಿಯಾಗಿರುತ್ತದೆ. ರವೆ ಫ್ರೈಗೆ ಹೇಳಿ ಮಾಡಿಸಿದ ಮೀನು.

ಕೊಳ್ಳುವಾಗ ಒಂದನ್ನು ಗಮನಿಸಿ. ಹೆಚ್ಚಿನ ಇನ್‌ಲೈನ್ ಬೋರ್ಡುಗಳಲ್ಲಿ ಎಡ ಬಲ ಬೇರೆ ಬೇರೆ, ಡಬ್ಬಿಯ ಮೇಲೆ ಸಣ್ಣಕ್ಷರದಲ್ಲಿ ಬರೆದಿರುತ್ತದೆ. ನಾಲ್ಕೂ ಎಡದವೇ ಬಂದರೆ ಅರ್ಧ ಬೋಟು ಖಾಲಿ. ಎಡಕ್ಕೆ ಎರಡು, ಬಲಕ್ಕೆ ಎರಡು ಎಂದು ಕೇಳಿ ತನ್ನಿ, ಜೊತೆಗೆ ಕ್ಲಿಪ್ಪಿಗೆ ಹಾಕುವ ರಬ್ಬರಿನ ಒಂದು ಜೋಡಿ ಹೆಚ್ಚುವರಿ ಇರಲಿ. ಚಳಿಗಾಲವೆಲ್ಲ ಗ್ಯಾರೇಜಿನಲ್ಲಿ ಬಿದ್ದ ರಬ್ಬರು ಗಟ್ಟಿಯಾಗಿ, ಮೊದಲ ದಿನವೇ ದಾರವನ್ನು ಬಿಟ್ಟುಬಿಡುತ್ತದೆ.